ನ್ಯೂಜಿಲೆಂಡ್ ಚಿಕ್ಕ ದೇಶವೇ? ಹತ್ತು ದಿನಗಳಲ್ಲಿ ಎರಡೂ ದ್ವೀಪಗಳನ್ನು ನೋಡಬಹುದೇ?

ಪ್ರಶ್ನೆ: ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ಸಂದರ್ಭದಲ್ಲಿ ನಾವಿಬ್ಬರೂ ಜನವರಿಯಲ್ಲಿ ನ್ಯೂಜಿಲೆಂಡಿಗೆ ಹೋಗಬೇಕೆಂದಿದ್ದೇವೆ. ಒಟ್ಟು ಹತ್ತು ದಿನಗಳ ರಜೆ ಇದೆ. ಚಿಕ್ಕ ದೇಶವಾದ್ದರಿಂದ ಎರಡೂ ದ್ವೀಪಗಳನ್ನು ಕಾರಿನಲ್ಲಿ ಸುತ್ತಿ, ಪಕ್ಕದ ಸಿಡ್ನಿಯನ್ನೂ ನೋಡಿಕೊಂಡು ಬರಬಹುದಲ್ಲವೇ?

ಉತ್ತರ: ಆಗುವುದಿಲ್ಲ. ದಕ್ಷಿಣ ದ್ವೀಪವೊಂದನ್ನೇ ಆರಿಸಿಕೊಳ್ಳಿ. ಕ್ರೈಸ್ಟ್‌ಚರ್ಚ್‌ನಲ್ಲಿ ಇಳಿದು ಕ್ವೀನ್ಸ್‌ಟೌನ್‌ನಿಂದ ಹಿಂದಿರುಗಿ. ಸಿಡ್ನಿಯನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೊಳ್ಳಿ.

ಇದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ನನಗೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಅದರೊಳಗೆ ‘ಚಿಕ್ಕ ದೇಶ’ ಮತ್ತು ‘ಪಕ್ಕದಲ್ಲೇ’ ಎಂಬ ಎರಡು ಮಾತುಗಳು ಇದ್ದೇ ಇರುತ್ತವೆ. ಬಹಳ ವರ್ಷ ಭೂಗೋಳ ಪಾಠ ಮಾಡಿದವಳಾದ ನನಗೆ ಈ ತಪ್ಪು ಎಲ್ಲಿ ಹುಟ್ಟುತ್ತದೆಂಬುದು ಗೊತ್ತು. ತರಗತಿಯ ಗೋಡೆಯ ಮೇಲಿನ ಪ್ರಪಂಚದ ನಕ್ಷೆಯಲ್ಲಿ ನ್ಯೂಜಿಲೆಂಡ್ ಕೆಳಗಿನ ಬಲಮೂಲೆಯಲ್ಲಿ, ಅಂಚಿನ ಪಟ್ಟಿಗೆ ತಾಗಿಕೊಂಡು, ಆಸ್ಟ್ರೇಲಿಯದ ಪಕ್ಕದಲ್ಲಿ ಕೂತಿರುತ್ತದೆ. ತನಗಿಂತ ಇಪ್ಪತ್ತೆಂಟು ಪಟ್ಟಿಗೂ ಹೆಚ್ಚು ದೊಡ್ಡದಾದ ಭೂಭಾಗದ ಮಗ್ಗುಲಲ್ಲಿ ಯಾವ ದೇಶವಾದರೂ ಚಿಕ್ಕದಾಗಿಯೇ ಕಾಣುತ್ತದೆ, ಮಕ್ಕಳ ಕಣ್ಣಿಗೆ ಬಿದ್ದ ಆ ಚಿತ್ರ ನಲವತ್ತು ವರ್ಷ ಕಳೆದರೂ ಅಳಿಸುವುದಿಲ್ಲ.

ಆದ್ದರಿಂದ ಆಸ್ಟ್ರೇಲಿಯವನ್ನು ಪಕ್ಕಕ್ಕಿಟ್ಟು ನಮ್ಮ ಕರ್ನಾಟಕವನ್ನೇ ಅಳತೆಗೋಲಾಗಿ ಹಿಡಿಯೋಣ. ನಮ್ಮ ರಾಜ್ಯದ ವಿಸ್ತೀರ್ಣ ಸುಮಾರು 1,92,000 ಚದರ ಕಿಲೋಮೀಟರ್. ನ್ಯೂಜಿಲೆಂಡಿನದು ಸುಮಾರು 2,68,000. ಬೀದರಿನ ಉತ್ತರದ ತುದಿಯಿಂದ ಚಾಮರಾಜನಗರದ ದಕ್ಷಿಣದ ತುದಿಗೆ ನೇರ ಗೆರೆ ಎಳೆದರೆ ಸುಮಾರು 750 ಕಿಲೋಮೀಟರ್ ಆಗುತ್ತದೆ. ನ್ಯೂಜಿಲೆಂಡಿನ ಉದ್ದ ಸುಮಾರು 1,600 ಕಿಲೋಮೀಟರ್. ಅದನ್ನು ತಂದು ಕನ್ಯಾಕುಮಾರಿಯಲ್ಲಿ ಒಂದು ತುದಿ ಊರಿ ನಿಲ್ಲಿಸಿದರೆ ಇನ್ನೊಂದು ತುದಿ ಭೋಪಾಲದ ಹತ್ತಿರ ಹೋಗುತ್ತದೆ. ಜನ ಮಾತ್ರ ಕಡಿಮೆ: ಇಡೀ ದೇಶದಲ್ಲಿ ಐವತ್ತು ಲಕ್ಷಕ್ಕೆ ತುಸು ಹೆಚ್ಚು, ಅಂದರೆ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಜನ ಕಡಿಮೆ ಇರುವ ದೇಶವನ್ನು ಚಿಕ್ಕ ದೇಶವೆಂದು ಕರೆಯುವುದೂ ಈ ತಪ್ಪಿಗೆ ಇನ್ನೊಂದು ಕಾರಣವಿರಬಹುದು.

ಇನ್ನು ‘ಪಕ್ಕದಲ್ಲೇ’ ಎಂಬ ಮಾತು. ಸಿಡ್ನಿಗೂ ಆಕ್ಲೆಂಡಿಗೂ ನಡುವೆ ಟ್ಯಾಸ್ಮನ್ ಸಮುದ್ರವಿದೆ, ವಿಮಾನದ ದಾರಿಯಲ್ಲಿ ಆ ಅಂತರ ಸುಮಾರು 2,150 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ 1,750 ಕಿಲೋಮೀಟರ್ ಕೂಡ ಇಲ್ಲ. ಮೈಸೂರು ನೋಡಲು ಬಂದವರು ದೆಹಲಿಯನ್ನೂ ಹಾಗೇ ನೋಡಿಕೊಂಡು ಹೋಗುತ್ತೇವೆಂದರೆ ನಾವು ಏನು ಹೇಳುತ್ತೇವೋ ಅದನ್ನೇ ನಾನು ನಿಮಗೆ ಹೇಳುತ್ತಿದ್ದೇನೆ. ಸಾಲದ್ದಕ್ಕೆ ಆಸ್ಟ್ರೇಲಿಯ ಬೇರೆಯೇ ದೇಶ, ಅದಕ್ಕೆ ಬೇರೆ ವೀಸಾ ಬೇಕು. ನ್ಯೂಜಿಲೆಂಡಿನ ವೀಸಾ ಅಲ್ಲಿ ನಡೆಯುವುದಿಲ್ಲ.

ಇಷ್ಟು ಹೇಳಿದ ಮೇಲೂ ಕೆಲವರು ‘ಒಳ್ಳೆಯ ರಸ್ತೆ ಇದೆಯಲ್ಲ, ದಿನಕ್ಕೆ ಆರುನೂರು ಕಿಲೋಮೀಟರ್ ಹೋಗಬಹುದು’ ಎನ್ನುತ್ತಾರೆ. ರಸ್ತೆ ಒಳ್ಳೆಯದೇ ಹೌದು, ನಮ್ಮ ಹಾಗೆ ಎಡಗಡೆಯ ಸಂಚಾರವೂ ಹೌದು. ಆದರೆ ದೊಡ್ಡ ನಗರಗಳ ಹತ್ತಿರವನ್ನು ಬಿಟ್ಟರೆ ಅಲ್ಲಿನ ಹೆದ್ದಾರಿಗಳು ಹೋಗಲು ಒಂದು, ಬರಲು ಒಂದು ಸಾಲಿನವು, ಗಂಟೆಗೆ 100 ಕಿಲೋಮೀಟರಿನ ಮಿತಿಯವು, ಮೇಲಾಗಿ ಘಟ್ಟದ ತಿರುವುಗಳವು. ಒಂದು ವಾಹನ ಮಾತ್ರ ದಾಟಬಹುದಾದ ಸೇತುವೆಗಳು ಇಂದಿಗೂ ಅನೇಕ ಇವೆ. ಫಲಕದಲ್ಲಿ ನಿಮ್ಮ ಕಡೆಯ ಬಾಣ ಚಿಕ್ಕದಾಗಿ ಕೆಂಪು ಬಣ್ಣದಲ್ಲಿದ್ದರೆ ನೀವು ನಿಂತು ಎದುರಿನವರಿಗೆ ದಾರಿ ಬಿಡಬೇಕು. ಕ್ವೀನ್ಸ್‌ಟೌನ್‌ನಿಂದ ಬೆಟ್ಟಗಳ ನಡುವೆ ಒಳಚಾಚಿದ ಕಡಲ ಕವಲಾದ ಮಿಲ್ಫರ್ಡ್ ಸೌಂಡ್ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 70 ಕಿಲೋಮೀಟರ್. ರಸ್ತೆಯಲ್ಲಿ ಸುಮಾರು 290, ಏಕೆಂದರೆ ನಡುವಿನ ಬೆಟ್ಟಸಾಲನ್ನು ಸುತ್ತಿ, ಕೊನೆಗೆ ಬಂಡೆಯನ್ನು ಕೊರೆದು ಮಾಡಿದ ಹೋಮರ್ ಸುರಂಗವನ್ನು ಹಾದೇ ಹೋಗಬೇಕು. 1935ರಲ್ಲಿ ಆರಂಭವಾದ ಆ ಸುರಂಗ ವಾಹನಗಳಿಗೆ ತೆರೆದದ್ದು 1950ರ ದಶಕದಲ್ಲಿ.

ನಾನೂ ನಮ್ಮ ಯಜಮಾನರೂ ಅಲ್ಲಿಗೆ ಒಂದೇ ದಿನದಲ್ಲಿ ಹೋಗಿ ಬಂದೆವು. ದೋಣಿಯಲ್ಲಿ ಕಳೆದದ್ದು ಎರಡು ಗಂಟೆಯಷ್ಟೂ ಇಲ್ಲ, ಕಾರಿನಲ್ಲಿ ಕಳೆದದ್ದು ಎಂಟು ಗಂಟೆಗೂ ಹೆಚ್ಚು, ಮರಳುವಾಗ ಇಬ್ಬರಿಗೂ ಮಾತನಾಡಲು ಶಕ್ತಿ ಉಳಿದಿರಲಿಲ್ಲ. ಆದ್ದರಿಂದ ನಿಮಗೆ ಹೇಳುವುದು: ದಾರಿಯಲ್ಲಿ ಸಿಗುವ ಟೆ ಅನಾವ್ ಊರಿನಲ್ಲಿ ಒಂದು ರಾತ್ರಿಯಾದರೂ ಉಳಿಯಿರಿ. ಮಿಲ್ಫರ್ಡ್‌ನಲ್ಲಿ ವರ್ಷಕ್ಕೆ 6,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಆಗುಂಬೆಯನ್ನು ಬಲ್ಲವರು ಅದಕ್ಕೆ ಹೆದರಬೇಕಾಗಿಲ್ಲ, ಮಳೆ ಬಂದ ದಿನವೇ ಅಲ್ಲಿನ ಕಡಿದಾದ ಬಂಡೆಗಳಿಂದ ಜಲಪಾತಗಳು ಸಾಲುಸಾಲಾಗಿ ಇಳಿಯುತ್ತವೆ. ಕಾರಣವೂ ನಮ್ಮ ಸಹ್ಯಾದ್ರಿಯದೇ: ಪಶ್ಚಿಮದ ಗಾಳಿಯನ್ನು ಪರ್ವತಸಾಲು ತಡೆಯುತ್ತದೆ, ಮಳೆಯೆಲ್ಲ ಪಶ್ಚಿಮದ ಮಗ್ಗುಲಿಗೆ ಸುರಿದು ಪೂರ್ವದ ಒಳನಾಡು ಒಣಗಿರುತ್ತದೆ.

ಈಗ ನಿಮ್ಮ ಹತ್ತು ದಿನಗಳನ್ನು ಎಣಿಸಿ. ಬೆಂಗಳೂರಿನಿಂದ ಸಿಂಗಪುರದಂಥ ಊರಿನಲ್ಲಿ ವಿಮಾನ ಬದಲಿಸಿ ತಲುಪುವುದಕ್ಕೆ, ಹಿಂದಿರುಗುವುದಕ್ಕೆ ಮೂರು ದಿನಗಳು ಹೋಗುತ್ತವೆ. ಜನವರಿಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಏಳೂವರೆ ಗಂಟೆ ಮುಂದಿರುವುದರಿಂದ ಮೊದಲ ದಿನ ನಿದ್ದೆ ಕೆಟ್ಟಿರುತ್ತದೆ, ಅಂದು ಸ್ಟಿಯರಿಂಗ್ ಹಿಡಿಯಲೇಬೇಡಿ. ಉಳಿದ ಆರು ದಿನಗಳಿಗೆ ಟೆಕಪೊ ಸರೋವರ, 3,724 ಮೀಟರ್ ಎತ್ತರದ ಔರಾಕಿ (ಮೌಂಟ್ ಕುಕ್) ಶಿಖರದ ಬುಡ, ವಾನಕ, ಕ್ವೀನ್ಸ್‌ಟೌನ್, ಟೆ ಅನಾವ್ ಮತ್ತು ಮಿಲ್ಫರ್ಡ್ ಸಾಕಷ್ಟಾಯಿತು. ಟೆಕಪೊದಲ್ಲಿ ಮೋಡವಿಲ್ಲದ ರಾತ್ರಿ ಸಿಕ್ಕರೆ ಹೊರಗೆ ನಿಂತು ಮೇಲೆ ನೋಡಿ. ಆ ಪ್ರದೇಶವನ್ನು 2012ರಲ್ಲಿ ಕತ್ತಲೆಯ ಆಕಾಶದ ಸಂರಕ್ಷಿತ ತಾಣವೆಂದು ಗುರುತಿಸಿದ್ದಾರೆ.

ನೀವು ಕೇಳಿಲ್ಲ, ಆದರೆ ಹೊರಡುವ ಹಿಂದಿನ ರಾತ್ರಿ ಖಂಡಿತ ಕೇಳುತ್ತೀರಿ: ಚಟ್ನಿಪುಡಿ, ಉಪ್ಪಿನಕಾಯಿ ಕೊಂಡೊಯ್ಯಬಹುದೇ? ಕೊಂಡೊಯ್ಯುವುದು ಏನೇ ಇರಲಿ, ಪ್ರಯಾಣಿಕರು ತುಂಬಬೇಕಾದ ಘೋಷಣಾ ಪತ್ರದಲ್ಲಿ ಆಹಾರವಿದೆ ಎಂದು ಬರೆಯಿರಿ. ಬರೆದು ತೋರಿಸಿದರೆ, ಅಧಿಕಾರಿಗಳಿಗೆ ಸಂಶಯ ಬಂದ ಡಬ್ಬಿ ಕಸಕ್ಕೆ ಹೋಗುತ್ತದೆ, ಅಷ್ಟೇ. ಬಚ್ಚಿಟ್ಟರೆ, ವಿಮಾನದಲ್ಲಿ ಕೊಟ್ಟ ಒಂದು ಸೇಬು ಚೀಲದಲ್ಲಿ ಮರೆತು ಉಳಿದರೂ, ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಜೇನುತುಪ್ಪವನ್ನಂತೂ ಮನೆಯಲ್ಲೇ ಬಿಟ್ಟು ಹೋಗಿ.

ಇದು ಅತಿಯಾಯಿತು ಎಂದು ಗೊಣಗುವವರಿಗೆ ನಾನು ಮತ್ತೆ ಆ ದೂರವನ್ನೇ ತೋರಿಸುತ್ತೇನೆ. ಗೊಂಡ್ವಾನ ಎಂಬ ಪ್ರಾಚೀನ ಭೂಖಂಡದಿಂದ ಸುಮಾರು ಎಂಟು ಕೋಟಿ ವರ್ಷಗಳ ಹಿಂದೆ ಬೇರೆಯಾದ ಆ ನೆಲಕ್ಕೆ ಹಾವು ಇಲ್ಲ. ಸುಮಾರು 13ನೇ ಶತಮಾನದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಪೂರ್ವಜರು ಪಾಲಿನೇಷ್ಯದಿಂದ ದೋಣಿಗಳಲ್ಲಿ ಬರುವವರೆಗೆ ಬಾವಲಿಗಳ ಹೊರತು ನೆಲದ ಸಸ್ತನಿಗಳೂ ಇರಲಿಲ್ಲ. ಬೇಟೆಯಾಡುವ ಪ್ರಾಣಿಗಳ ಭಯವಿಲ್ಲದ ಕಾಡಿನಲ್ಲಿ ಕಿವಿ, ಕಾಕಾಪೊಗಳಂಥ ಹಕ್ಕಿಗಳು ಹಾರುವುದನ್ನೇ ಬಿಟ್ಟು ನೆಲದ ಮೇಲೆ ಬದುಕಿದವು. ಮನುಷ್ಯರ ಜೊತೆಗೆ ಇಲಿ ಬಂತು, ಆಮೇಲೆ ಮೊಲ ಬಂತು, ಮೊಲಗಳನ್ನು ಹತೋಟಿಗೆ ತರಲೆಂದು 1880ರ ದಶಕದಲ್ಲಿ ಮುಂಗುಸಿಯಷ್ಟೇ ಚುರುಕಾದ ಸ್ಟೋಟ್ ಎಂಬ ಪ್ರಾಣಿಯನ್ನು ತಂದು ಬಿಟ್ಟರು, ಅದು ಹಕ್ಕಿಗಳ ಮೊಟ್ಟೆಗೂ ಮರಿಗೂ ಬಾಯಿ ಹಾಕಿತು. ಒಮ್ಮೆ ಒಳಗೆ ಬಂದದ್ದನ್ನು ಹೊರಗೆ ಕಳಿಸುವುದು ಎಷ್ಟು ಕಷ್ಟವೆಂದು ಅನುಭವಿಸಿದವರು ಅವರು. ಇಲಿ, ಸ್ಟೋಟ್ ಮತ್ತು ಮರವೇರಿ ಬದುಕುವ ಪಾಸಮ್ ಎಂಬ ಪ್ರಾಣಿ‌ಗಳನ್ನು 2050ರೊಳಗೆ ಪೂರ್ತಿಯಾಗಿ ನಿವಾರಿಸುವ ಗುರಿಯನ್ನು 2016ರಲ್ಲಿ ಸರ್ಕಾರವೇ ಘೋಷಿಸಿತು.

ಚಾರಣದ ಬೂಟುಗಳಿದ್ದರೆ ಅವನ್ನೂ ಘೋಷಣಾ ಪತ್ರದಲ್ಲಿ ಬರೆಯಿರಿ, ಮಣ್ಣಿನಲ್ಲಿ ಬೀಜವೂ ರೋಗಾಣುವೂ ಬರಬಹುದಾದ್ದರಿಂದ ಅವರು ಅಡಿಭಾಗವನ್ನು ತಿರುವಿ ನೋಡುತ್ತಾರೆ. ನಮ್ಮ ಯಜಮಾನರ ಬೂಟಿನ ಸಂದಿಯಲ್ಲಿ ಕುದುರೆಮುಖದ ಕೆಂಪುಮಣ್ಣು ಉಳಿದಿತ್ತು. ಅಲ್ಲಿದ್ದ ಹೆಣ್ಣುಮಗಳು ಬೇಸರಿಸದೆ ಅವನ್ನು ಒಳಗೆ ಒಯ್ದು, ಸಂದಿಸಂದಿಯನ್ನೂ ತೊಳೆದು, ಹತ್ತು ನಿಮಿಷದ ನಂತರ ಒದ್ದೆಯಾಗಿಯೇ ತಂದುಕೊಟ್ಟರು.