ಬಫರ್ ಸ್ಟಾಕ್: ಔಷಧ ಖಾಲಿಯಾಗುವ ಮುಂಚಿನ ಲೆಕ್ಕ

ಕೊಡಗಿನಲ್ಲಿ ಮಳೆ ಹಿಡಿಯುವ ಮುಂಚೆ ಸೌದೆ, ಅಕ್ಕಿ, ಒಣಮೀನು ತುಂಬಿಸಿಡಿ ಅಂತ ಯಾರೂ ಹೇಳಿಕೊಡಬೇಕಿಲ್ಲ. ಸರ್ಕಾರಿ ಆಸ್ಪತ್ರೆಯ ಔಷಧ ಉಗ್ರಾಣದಲ್ಲಿ ಇದೇ ಬಫರ್ ಸ್ಟಾಕ್. ಮಾಮೂಲಿ ಖರ್ಚಿನ ಮೇಲೆ, ಸರಬರಾಜು ತಡವಾದರೆ ಅಥವಾ ರೋಗಿಗಳು ಜಾಸ್ತಿ ಬಂದರೆ ಇರಲಿ ಅಂತ ಇಡುವ ದಾಸ್ತಾನು.

ಎಷ್ಟು ಇಡಬೇಕು? ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿಗೆ ಆಮ್ಲೋಡಿಪಿನ್ ತಗೊಳ್ಳುವವರು 100 ಜನ ಅಂದುಕೊಳ್ಳಿ. ದಿನಕ್ಕೊಂದರಂತೆ ತಿಂಗಳಿಗೆ 3,000 ಮಾತ್ರೆ. ಇಂಡೆಂಟ್ (ಇಷ್ಟು ಔಷಧ ಬೇಕು ಅನ್ನುವ ಬೇಡಿಕೆ ಪಟ್ಟಿ) ಹಾಕಿದ ಮೇಲೆ ಜಿಲ್ಲಾ ಉಗ್ರಾಣದಿಂದ ಮಾಲು ಬರಲು ಒಂದು ತಿಂಗಳು ಹಿಡಿದರೆ, ಆ ತಿಂಗಳ ಖರ್ಚಿಗೇ 3,000 ಬೇಕು. ಒಂದು ತಿಂಗಳ ಬಫರ್ ಇನ್ನೊಂದು 3,000. ಅಂದರೆ ಕಪಾಟಿನಲ್ಲಿ 6,000 ಇರುವಾಗಲೇ ಇಂಡೆಂಟ್ ಹೋಗಬೇಕು, ಕೊನೆಯ ಡಬ್ಬ ಒಡೆದಾಗ ಅಲ್ಲ.

ಎಡವಟ್ಟಾಗುವುದು ಇದರ ನಂತರ. ಮಾತ್ರೆ 15 ದಿನ ಇರಲೇ ಇಲ್ಲ ಅನ್ನಿ. ರಿಜಿಸ್ಟರ್‌ನಲ್ಲಿ ಆ ತಿಂಗಳ ಖರ್ಚು 1,500 ಅಂತ ಕಾಣುತ್ತದೆ. ಅದನ್ನೇ ನಂಬಿ ಇಂಡೆಂಟ್ ಹಾಕಿದರೆ ಬರುವುದೂ ಅರ್ಧ. ಮತ್ತೆ ಖಾಲಿ. ಬರಿಗೈಲಿ ವಾಪಸ್ ಹೋದವರ ಲೆಕ್ಕ ಖರ್ಚಿನ ಕಾಲಂನಲ್ಲಿ ಬರುವುದಿಲ್ಲ, ಅಲ್ವಾ? ಅದಕ್ಕೇ 1,500ನ್ನು ಮಾತ್ರೆ ಇದ್ದ 15 ದಿನಕ್ಕೆ ಭಾಗಿಸಬೇಕು, 30ಕ್ಕಲ್ಲ. ಆಗ ದಿನಕ್ಕೆ 100 ಅಂತ ನಿಜವಾದ ಬೇಡಿಕೆ ಸಿಗುತ್ತದೆ. ಔಷಧ ಕೊರತೆ ಬಗ್ಗೆ ಮೀಟಿಂಗ್ ಕರೆಯುವವರು ಮೊದಲು ಈ ಒಂದು ಭಾಗಾಕಾರ ನೋಡಿದರೆ ಅರ್ಧ ಮೀಟಿಂಗ್ ಉಳಿಯುತ್ತದೆ ಅಂತ ನನ್ನ ಅನಿಸಿಕೆ.

ಕೊಡಗಿಗೆ ವರ್ಷದ ಸರಾಸರಿಯೂ ಸಾಲದು. ಕಾಫಿ ಕೊಯ್ಲಿನ ಹೊತ್ತಿಗೆ ಹೊರಗಿನಿಂದ ಕೆಲಸಗಾರರು ಬಂದು ತೋಟದ ಲೈನ್‌ಮನೆಗಳು ತುಂಬುತ್ತವೆ, ಓಪಿಡಿ ಸಾಲೂ ಬೆಳೆಯುತ್ತದೆ. ಮಳೆಗಾಲದಲ್ಲಿ ರಸ್ತೆಯೇ ಕೈಕೊಡುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆಗಿತ್ತು. ಭಾಗಮಂಡಲದಲ್ಲಿ ಸಂಗಮದ ನೀರು ರಸ್ತೆಗೆ ನುಗ್ಗುವುದಂತೂ ಹೊಸದಲ್ಲ. ಹಾಗಾಗಿ ಮೇ ಕೊನೆಗೆ ಬಫರ್ ದೊಡ್ಡದೇ ಇರಬೇಕು.

ಅದನ್ನು ಬೀಗ ಹಾಕಿ ಬೇರೆ ಇಟ್ಟರೆ ಎಕ್ಸ್‌ಪೈರಿ ಆಗಿ ಹಾಳಾಗುತ್ತದೆ. ಮೊದಲು ಅವಧಿ ಮುಗಿಯುವ ಡಬ್ಬ ಮುಂದಕ್ಕೆ, ಜಾಸ್ತಿ ಅವಧಿ ಇರುವುದು ಹಿಂದಕ್ಕೆ. ಬಫರ್ ಮಾತ್ರೆಯೂ ಹೀಗೆ ಕೌಂಟರ್‌ಗೆ ಬರುತ್ತಲೇ ಇರಬೇಕು.

ಬಫರೂ ಮುಗಿದರೆ? ಪಕ್ಕದ ಕೇಂದ್ರದಿಂದ ತರಿಸಬಹುದು, ಆಸ್ಪತ್ರೆ ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಸ್ಥಳೀಯವಾಗಿ ಖರೀದಿಸಬಹುದು. 30 ದಿನದ ಬದಲು 15 ದಿನಕ್ಕೆ ಕೊಟ್ಟು ಎಲ್ಲರಿಗೂ ಸರಿದೂಗಿಸುವುದೂ ಉಂಟು. ಉಗ್ರಾಣಕ್ಕೆ ಇದು ಸುಲಭ. ಆದರೆ ತೋಟದ ಕೆಲಸದವರು ತಿಂಗಳಿಗೆ ಎರಡು ಸಲ ಬರಬೇಕು, ಇನ್ನೊಂದು ದಿನದ ಕೂಲಿ ಹೋಯಿತು.

ಇನ್ಸುಲಿನ್‌ಗೆ ಮಾತ್ರೆಯ ಲೆಕ್ಕ ಪೂರ್ತಿ ಒಗ್ಗುವುದಿಲ್ಲ. ಅದನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು, ಫ್ರಿಜ್‌ನಲ್ಲಿ ಹಿಡಿಯುವಷ್ಟೇ ಬಫರ್. ಗಾಳಿಮಳೆಗೆ ಕರೆಂಟ್ ಹೋದರೆ ಅದೂ ಕಷ್ಟ. ಹಾಗಾಗಿ ಇನ್ಸುಲಿನ್ ಅನ್ನು ಸ್ವಲ್ಪ ಸ್ವಲ್ಪವೇ, ಬೇಗ ಬೇಗ ತರಿಸುತ್ತಿರಬೇಕು.