ವಜ್ರದೊಳಗಿನ ನೀರು: 3420ರ ಪಟ್ಟೆಯೊಂದೇ ಸಾಲದು

ನಾರುನಾರಾಗಿ ಬೆಳೆದ ಮಸುಕು ವಜ್ರಗಳಲ್ಲಿ ಮೈಕ್ರಾನಿಗಿಂತಲೂ ಚಿಕ್ಕ ಕುಳಿಗಳು ಲೆಕ್ಕವಿಲ್ಲದಷ್ಟು. ವಜ್ರ ಬೆಳೆಯುವಾಗ ಸುತ್ತಲಿದ್ದ ದ್ರವ ಅವುಗಳಲ್ಲಿ ಸೆರೆಯಾಗಿದೆ. 1988ರಲ್ಲಿ ವಿಜ್ಞಾನಿ ಓಡೆಡ್ ನವೋನ್ ಮತ್ತು ಸಂಗಡಿಗರು ಝೈರ್ (ಈಗಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ) ಹಾಗೂ ಬೋಟ್ಸ್ವಾನಾದ ಇಂಥ ವಜ್ರಗಳ ಅವಕೆಂಪು ರೋಹಿತದಲ್ಲಿ (ಯಾವ ಅವಕೆಂಪು ಬೆಳಕನ್ನು ವಸ್ತು ಎಷ್ಟು ಹೀರುತ್ತದೆಂದು ತೋರುವ ನಕ್ಷೆ) ನೀರನ್ನೂ ಕಾರ್ಬೊನೇಟನ್ನೂ ಗುರುತಿಸಿದರು.

ರೋಹಿತದಲ್ಲಿ ಜಾಗ ಗುರುತಿಸುವುದು ತರಂಗಸಂಖ್ಯೆಯಿಂದ, ಅಂದರೆ ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆಗಳು ಎಂಬ ಎಣಿಕೆಯಿಂದ; 3420, 1640ರಂಥ ಸಂಖ್ಯೆಗಳೆಲ್ಲ ಅವೇ. 3420ರ ಸುತ್ತ ಅಗಲವಾದ ಪಟ್ಟೆ ಕಂಡ ಕೂಡಲೇ ‘ನೀರು’ ಎಂದು ಬರೆಯಬೇಡಿ. ಅದು ಓ-ಎಚ್ ಬಂಧ ಹಿಗ್ಗಿ ಕುಗ್ಗುವ ಕಂಪನ. ಅಭ್ರಕದಂಥ ಖನಿಜದ ಹೈಡ್ರಾಕ್ಸಿಲ್ ಕೂಡ ಆ ಆಸುಪಾಸಿನಲ್ಲೇ ಹೀರುತ್ತದೆ. ನೀರಿನ ಅಣು ಇಡಿಯಾಗಿದೆ ಎನ್ನಲು 1640ರ ಬಾಗುವ ಕಂಪನ ಬೇಕೇ ಬೇಕು. ತೊಡಕೆಂದರೆ, ಆ ಪಟ್ಟೆ ಕೂತಿರುವುದು ವಜ್ರದ ಸ್ವಂತ ಹೀರಿಕೆಯ ಇಳಿಜಾರಿನ ಮೇಲೆ. ಸಾರಜನಕವಿಲ್ಲದ 2ಎ ಬಗೆಯ ವಜ್ರದ ರೋಹಿತವನ್ನು ದಪ್ಪಕ್ಕೆ ಸರಿಹೊಂದಿಸಿ ಕಳೆದ ಮೇಲಷ್ಟೇ ಅದು ಸ್ಪಷ್ಟವಾಗುತ್ತದೆ. 3107ರ ಚೂಪು ಗೆರೆ ನೀರಿನದಲ್ಲ, ವಜ್ರದ ಜಾಲಕದೊಳಗೆ ಸೇರಿಕೊಂಡ ಹೈಡ್ರೋಜನ್ನಿನದು.

ದಪ್ಪವನ್ನು ರೋಹಿತವೇ ಹೇಳುತ್ತದೆ: 2000ರ ಬಳಿ 1 ಮಿ.ಮೀ. ವಜ್ರದ ಹೀರಿಕೆ ಸುಮಾರು 1.2 (ಇದು ಲಾಗರಿದಮ್ ಅಳತೆ: ಹೀರಿಕೆ 1 ಎಂದರೆ ಹತ್ತರಲ್ಲೊಂದು ಪಾಲು ಬೆಳಕಷ್ಟೇ ಆಚೆ ಬರುತ್ತದೆ). ಮಾದರಿ 3 ಮಿ.ಮೀ. ಇದ್ದರೆ ಅಲ್ಲಿ ಬೆಳಕು ಆಚೆ ಬರುವುದೇ ಇಲ್ಲವೆನ್ನಬಹುದು. ಹಾಗಾಗಿ ಎರಡೂ ಬದಿ ನಯಗೊಳಿಸಿದ 0.3ರಿಂದ 1 ಮಿ.ಮೀ. ದಪ್ಪದ ಬಿಲ್ಲೆ ಒಳ್ಳೆಯದು. ಇನ್ನೂ ತೆಳುವಾದರೆ ಬೆಳಕು ಎರಡು ಮುಖಗಳ ನಡುವೆ ಪುಟಿದು ಅಲೆಯಲೆಯಾದ ತಳರೇಖೆ (ಪಟ್ಟೆಗಳಿಲ್ಲದೆಡೆ ರೋಹಿತದ ಹಿನ್ನೆಲೆ ಗೆರೆ) ಬರುತ್ತದೆ, 0.2 ಮಿ.ಮೀ. ಬಿಲ್ಲೆಯಲ್ಲಿ ಆ ಅಲೆಗಳ ಅಂತರ ಸುಮಾರು 10.

ಸುಳ್ಳು ನೀರಿನ ಮೂಲಗಳು ಹಲವು. ಗಾಳಿಯ ತೇವ ಸಾಲುಸಾಲು ಚೂಪು ಗೆರೆಗಳಾಗಿ ಕಾಣುತ್ತದೆ. ಉಪಕರಣದೊಳಗೆ ಒಣ ನೈಟ್ರೋಜನ್ ಹರಿಯಬಿಡಿ, ವಜ್ರವಿಲ್ಲದ ಹಿನ್ನೆಲೆ ರೋಹಿತವನ್ನು ಆಗಾಗ ಹೊಸದಾಗಿ ತೆಗೆಯಿರಿ. ಮೇಲ್ಮೈಗೆ ಅಂಟಿದ ತೇವ ಹೋಗಲು ಮಾದರಿಯನ್ನು ಅಸಿಟೋನಿನಲ್ಲಿ ತೊಳೆದು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ. 2850–2920ರಲ್ಲಿ ಗೆರೆ ಕಂಡರೆ ಬೆರಳಿನ ಜಿಡ್ಡೋ ಅಂಟೋ ಉಳಿದಿದೆ ಎಂದರ್ಥ. ಎಲ್ಲಕ್ಕಿಂತ ಮೋಸದ್ದು ದ್ರವ ನೈಟ್ರೋಜನ್ನಿನಿಂದ ತಂಪಾಗಿಸಿದ ಪತ್ತೆಕಾರಕದೊಳಗೆ ಕಟ್ಟುವ ಹಿಮ: ಅದರ ಅಗಲ ಪಟ್ಟೆ 3250ರ ಬಳಿ, ಗಂಟೆ ಕಳೆದಂತೆ ಬೆಳೆಯುತ್ತದೆ. ವಜ್ರವಿಲ್ಲದೆ ಅಳೆದು ನೋಡಿದರೆ ಸಿಕ್ಕಿಬೀಳುತ್ತದೆ.

ಲೆಕ್ಕಕ್ಕೊಂದು ಉದಾಹರಣೆ. 1 ಮಿ.ಮೀ. ಬಿಲ್ಲೆ, ತಳರೇಖೆ ಕಳೆದ ಮೇಲೆ 3420ರಲ್ಲಿ ಹೀರಿಕೆ 0.2, ಮೋಲಾರ್ ಹೀರಿಕಾ ಗುಣಾಂಕ (ಲೀಟರಿಗೆ ಒಂದು ಮೋಲ್ ನೀರಿದ್ದರೆ ಒಂದು ಸೆಂಟಿಮೀಟರ್ ದಪ್ಪದಲ್ಲಿ ಬರುವ ಹೀರಿಕೆ) 80 ಎಂದಿಟ್ಟುಕೊಳ್ಳಿ. 0.2 ÷ (80 × 0.1) = ಲೀಟರಿಗೆ 0.025 ಮೋಲ್, ಅಂದರೆ 0.45 ಗ್ರಾಂ ನೀರು. ಲೀಟರ್ ವಜ್ರದ ತೂಕ 3520 ಗ್ರಾಂ. ಹಾಗಾಗಿ ತೂಕದಲ್ಲಿ ಸುಮಾರು 128 ಪಿಪಿಎಂ (ಹತ್ತು ಲಕ್ಷದಲ್ಲಿ 128 ಪಾಲು). ದಪ್ಪವನ್ನು ಸೆಂಟಿಮೀಟರಿನಲ್ಲಿ ಹಾಕಲು ಮರೆತರೆ ಉತ್ತರ ಹತ್ತು ಪಟ್ಟು ತಪ್ಪುತ್ತದೆ.

ಆ 80ನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ವಜ್ರ ಬಲು ಗಟ್ಟಿ, ಒಳಗಿನ ಒತ್ತಡವನ್ನು ಬಿಟ್ಟುಕೊಡುವುದಿಲ್ಲ. ಸುಮಾರು 2 ಗಿಗಾಪ್ಯಾಸ್ಕಲ್ ದಾಟಿದರೆ ಕೋಣೆಯ ತಾಪದಲ್ಲೂ ನೀರು ಏಳನೆಯ ಬಗೆಯ ಮಂಜುಗಡ್ಡೆಯಾಗುತ್ತದೆ. 2018ರಲ್ಲಿ ಅದನ್ನು ನೈಸರ್ಗಿಕ ವಜ್ರಗಳಲ್ಲಿ ಖಚಿತಪಡಿಸಿದ್ದು ಎಕ್ಸ್-ಕಿರಣ ವಿವರ್ತನೆ. ಮಂಜುಗಡ್ಡೆಯಾದಾಗ ಓ-ಎಚ್ ಪಟ್ಟೆಯ ಜಾಗವೂ ಬಲವೂ ಬದಲಾಗುತ್ತವೆ. ದ್ರವನೀರಿನ ಗುಣಾಂಕ ಅಲ್ಲಿಗೆ ಹೊಂದುವುದಿಲ್ಲ.