ಅಸಿಸ್ಟಂಟ್ ಕೋಚ್ ಎಂದರೆ ‘ಉಪ ಕೋಚ್’ ಅಲ್ಲ

ಅಮೆರಿಕನ್ ಫುಟ್‌ಬಾಲ್ ಬಗ್ಗೆ ಬರೆಯುವವರು ‘ತಂಡದ ಉಪ ತರಬೇತುದಾರ’ ಎಂದು ಬರೆಯುವುದನ್ನು ಇನ್ನಾದರೂ ನಿಲ್ಲಿಸಬೇಕು. ‘ಉಪ’ ಎಂದರೆ ಮೇಲಿನವರು ಇಲ್ಲದಾಗ ಅವರ ಕುರ್ಚಿಯಲ್ಲಿ ಕೂರುವವರು: ಉಪನಾಯಕ, ಉಪಾಧ್ಯಕ್ಷ ಇದ್ದಂತೆ. ಆ ಆಟದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಅಸಿಸ್ಟಂಟ್ ಕೋಚ್ ಎಂಬುದು ಒಬ್ಬರ ಹುದ್ದೆಯಲ್ಲ. ಹೆಡ್ ಕೋಚ್ ಒಬ್ಬರನ್ನು ಬಿಟ್ಟರೆ ಆಟ ಕಲಿಸುವ ಉಳಿದವರೆಲ್ಲ ಅಸಿಸ್ಟಂಟ್‌ಗಳೇ.

‘ಸಹಾಯಕ’ ಸರಿಯಾದ ಪದವೇ. ಕಚೇರಿಯ ಸಹಾಯಕರ ನೆರಳು ಅದರ ಮೇಲೆ ಬಿದ್ದಿರುವುದೇ ತೊಡಕು. ಸಹಾಯ ಎಂಬುದನ್ನು ಸಾಮಾನ್ಯವಾಗಿ ಸಹ, ಅಯ ಎಂದು ಬಿಡಿಸುತ್ತಾರೆ: ಜೊತೆಗೆ ಹೋಗುವುದು. ‘ಅಸಿಸ್ಟಂಟ್’ನ ಲ್ಯಾಟಿನ್ ಮೂಲಕ್ಕೆ ಪಕ್ಕದಲ್ಲಿ ನಿಲ್ಲುವುದು ಎಂದರ್ಥ. ಕೈಕೆಳಗಿನವರು ಎಂಬ ಅರ್ಥ ಎರಡರ ಮೂಲದಲ್ಲೂ ಇಲ್ಲ. ನಮ್ಮ ಕಾಲೇಜುಗಳ ಸಹಾಯಕ ಪ್ರಾಧ್ಯಾಪಕರು ತಮ್ಮ ತರಗತಿಯನ್ನು ತಾವೇ ನಡೆಸುತ್ತಾರೆ. ಪ್ರಾಧ್ಯಾಪಕರ ಚೀಲ ಹೊರುವುದಿಲ್ಲ. ಇಲ್ಲಿಯೂ ಹಾಗೆಯೇ.

ಪದಗಳನ್ನು ಅದಲುಬದಲು ಮಾಡಿ ‘ಕೋಚಿಂಗ್ ಅಸಿಸ್ಟಂಟ್’ ಎಂದರೆ ಮಾತ್ರ ಏಣಿಯ ತೀರ ಕೆಳಗಿನ ಮೆಟ್ಟಿಲು. ಅದರ ಆಸುಪಾಸಿನಲ್ಲೇ ‘ಕ್ವಾಲಿಟಿ ಕಂಟ್ರೋಲ್ ಕೋಚ್’. ಇದನ್ನು ‘ಗುಣಮಟ್ಟ ನಿಯಂತ್ರಣಾಧಿಕಾರಿ’ ಮಾಡಿದವರೂ ಇದ್ದಾರೆ! ಅವರು ಎದುರಾಳಿಯ ಆಟದ ವಿಡಿಯೊವನ್ನು ಒಂದೊಂದೇ ಪ್ಲೇ (ಚೆಂಡು ಆಟಕ್ಕೆ ಬಂದು ಮತ್ತೆ ನಿಲ್ಲುವವರೆಗಿನ ಒಂದು ಸುತ್ತು) ನಿಲ್ಲಿಸಿ ನೋಡುತ್ತಾರೆ. ಮೂರನೇ ಡೌನ್ (10 ಯಾರ್ಡ್ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), 7 ಯಾರ್ಡ್ ಬಾಕಿ, ಚೆಂಡು ಹಿಡಿದು ಓಡುವ ಒಬ್ಬ ರನ್ನಿಂಗ್ ಬ್ಯಾಕ್, ಎದುರಾಳಿಯನ್ನು ತಡೆಯುವ, ಪಾಸ್ ಕೂಡ ಹಿಡಿಯುವ ಇಬ್ಬರು ಟೈಟ್ ಎಂಡ್ (ಇದಕ್ಕೆ ‘12’ ಎಂಬ ಗುರುತು), ಆಮೇಲೆ ಏನಾಯಿತು, ಎಲ್ಲವನ್ನೂ ದಾಖಲಿಸುತ್ತಾರೆ. ಇಲ್ಲೊಂದು ಗುರುತು ತಪ್ಪಾದರೆ ವಾರದ ಯೋಜನೆಯೇ ತಪ್ಪು ಲೆಕ್ಕದ ಮೇಲೆ ನಿಲ್ಲುತ್ತದೆ.

ಅಲ್ಲಿಂದ ಮೇಲೆ, ಒಂದೊಂದು ಸ್ಥಾನದ ಆಟಗಾರರಿಗೆ ಕಲಿಸುವ ಪೊಸಿಷನ್ ಕೋಚ್, ಆಮೇಲೆ ಕೋಆರ್ಡಿನೇಟರ್. ಈ ಕೊನೆಯದಕ್ಕೆ ‘ಸಂಯೋಜಕ’ ಎಂದರೆ ಸಮಾರಂಭಕ್ಕೆ ಕುರ್ಚಿ ಹಾಕಿಸುವವರಂತೆ ಕೇಳುತ್ತದೆ. ಡಿಫೆನ್ಸಿವ್ ಕೋಆರ್ಡಿನೇಟರ್ ಇಡೀ ರಕ್ಷಣಾ ಪಡೆಯ ಹೊಣೆ ಹೊತ್ತವರು. ಆಕ್ರಮಣದ ಕಡೆ ಪ್ಲೇ ಹೇಳುವವರು ಹೆಡ್ ಕೋಚ್ ಆಗಿರಬಹುದು, ಕೋಆರ್ಡಿನೇಟರ್ ಆಗಿರಬಹುದು. ಹೆಲ್ಮೆಟ್‌ನೊಳಗಿನ ರೇಡಿಯೊ 1994ರಲ್ಲಿ ಆಕ್ರಮಣ ನಡೆಸುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್‌ಗೆ ಸಿಕ್ಕಿತು, 2008ರಲ್ಲಿ ರಕ್ಷಣೆಯ ಒಬ್ಬ ಆಟಗಾರನಿಗೂ. ಮುಂದಿನ ಪ್ಲೇ ಶುರುಮಾಡಲು ಕೊಡುವ 40 ಸೆಕೆಂಡಿನ ಗಡಿಯಾರದಲ್ಲಿ 15 ಉಳಿದಾಗ ಅದು ಕಡಿದುಹೋಗುತ್ತದೆ. ಅಷ್ಟರೊಳಗೆ ಹೇಳಿ ಮುಗಿಸಬೇಕು.

ಹೆಡ್ ಕೋಚ್ ಆಗಿದ್ದವರು ಮತ್ತೆ ಕೋಆರ್ಡಿನೇಟರ್ ಆದರೆ ‘ಹಿಂಬಡ್ತಿ’ ಎಂದು ಬರೆಯುವುದಂತೂ ಸಹಿಸಲಾಗದ್ದು. ಎರಡೂ ಬೇರೆ ಕಸುಬು: ಒಬ್ಬರು ತಂಡವನ್ನೇ ನಡೆಸುತ್ತಾರೆ, ಇನ್ನೊಬ್ಬರು ಅದರ ಒಂದು ಪಡೆಯ ಆಟ ಕಟ್ಟುತ್ತಾರೆ. ಡಿಕ್ ಲೆಬೋ 2000ದಿಂದ 2002ರವರೆಗೆ ಸಿನ್ಸಿನಾಟಿ ಬೆಂಗಾಲ್ಸ್ ಹೆಡ್ ಕೋಚ್ ಆಗಿದ್ದರು. ಗೆಲುವು 12, ಸೋಲು 33. 2004ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ರಕ್ಷಣೆಯ ಹೊಣೆಗೆ ಮರಳಿದರು. ಅವರ ರಕ್ಷಣಾ ತಂತ್ರವಾದ ಜೋನ್ ಬ್ಲಿಟ್ಜ್‌ನಲ್ಲಿ, ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿ ಬರುತ್ತಾನೆ ಎಂದುಕೊಂಡ ಮುಂಚೂಣಿಯ ದಢೂತಿ ಲೈನ್‌ಮನ್ ಹಿಂದೆ ಸರಿದು ಪಾಸ್ ಕಾಯುತ್ತಾನೆ, ಯಾರೂ ನಿರೀಕ್ಷಿಸದ ಕಡೆಯಿಂದ ಇನ್ನೊಬ್ಬ ನುಗ್ಗುತ್ತಾನೆ. ಅವರಿದ್ದಾಗ ಸ್ಟೀಲರ್ಸ್ 2005 ಮತ್ತು 2008ರ ಸೀಸನ್‌ಗಳ ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದಿತು. 2017ರಲ್ಲಿ, 80 ತುಂಬಿದ ಮೇಲೂ, ಟೆನೆಸ್ಸೀ ಟೈಟನ್ಸ್‌ನಲ್ಲಿ ಅವರು ಅಸಿಸ್ಟಂಟ್ ಕೋಚ್ ಆಗಿಯೇ ಕೆಲಸ ಮಾಡುತ್ತಿದ್ದರು.